ತಟ್ಟೆಯ ನೀರು ಚೆಲ್ಲಿದರೆ ಸಾಲದು, ತಟ್ಟೆ ತಿಕ್ಕಬೇಕು

ಕಳೆದ ವರ್ಷ ಆಗಸ್ಟ್‌ನಲ್ಲಿ ಕಲಬುರಗಿಯ ನಮ್ಮ ಓಣಿಯ ಹುಡುಗನೊಬ್ಬನಿಗೆ ಡೆಂಗಿ ಬಂತು. ಏಳನೇ ಕ್ಲಾಸು ಓದುವ ಹುಡುಗ. ಐದು ದಿನ ಆಸ್ಪತ್ರೆಯಲ್ಲಿದ್ದು, ಸೊರಗಿ ಮನೆಗೆ ಬಂದ. ಮರುದಿನವೇ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಿಡಿದು ಓಣಿಯ ಒಂದೊಂದೇ ಮನೆ ನೋಡುತ್ತಾ ಬಂದರು. ನಮ್ಮ ಮನೆಯಲ್ಲಿ ಹೌದ ನೋಡಿದರು, ಬ್ಯಾರೆಲ್ ನೋಡಿದರು, ಮೂಲೆಯಲ್ಲಿಟ್ಟ ಕೂಲರ್‌ನ ತಳ ಬಗ್ಗಿ ನೋಡಿದರು. ಎಲ್ಲೂ ಏನೂ ಸಿಗಲಿಲ್ಲ. ನನಗೆ ಸಮಾಧಾನವಾಯಿತು. ಆಮೇಲೆ ಅವರು ಮಾಳಿಗೆ ಹತ್ತಿದರು.

ಮಾಳಿಗೆ ಮೇಲೆ ನನ್ನ ಮೂವತ್ತೆಂಟು ಕುಂಡಗಳಿವೆ. ದಾಸವಾಳ, ಮಲ್ಲಿಗೆ, ಕರಿಬೇವು, ಮಕ್ಕಳು ತಂದಿಟ್ಟ ಮನಿ ಪ್ಲಾಂಟ್. ಅವರು ದಾಸವಾಳದ ಕೆಳಗಿನ ಮಣ್ಣಿನ ತಟ್ಟೆಯನ್ನು ಮೆಲ್ಲಗೆ ಎಳೆದು, ಅದರ ನೀರನ್ನು ಒಂದು ಬಿಳಿ ಬಟ್ಟಲಿಗೆ ಬಗ್ಗಿಸಿದರು. ದಾರದ ಚೂರುಗಳಂಥ ಹುಳುಗಳು ಬಳುಕುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು. ಇಪ್ಪತ್ತೋ ಮೂವತ್ತೋ ಇದ್ದವು.

"ನಾ ಪ್ರತಿ ರವಿವಾರ ತಟ್ಟಿ ನೀರು ಚೆಲ್ತೀನ್ರಿ," ಎಂದೆ. ಅದು ನಿಜವೂ ಹೌದು.

"ಚೆಲ್ಲಿದ್ರ ಆಗಂಗಿಲ್ರಿ ಅಕ್ಕಾರ, ತಿಕ್ಕಬೇಕು," ಎಂದರು ಅವರು. ತಟ್ಟೆಯ ಒಳಅಂಚಿಗೆ ಟಾರ್ಚ್ ಬಿಟ್ಟು ಬೆರಳಲ್ಲಿ ತೋರಿಸಿದರು. ಮಸಿ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆಗಳ ಒಂದು ಸಾಲು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗೊಬ್ಬರದ ಕೊಳೆ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಅವೇ ಮೊಟ್ಟೆಗಳು.

ಅವತ್ತಿನಿಂದ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಕೇಳಿದ್ದೇನೆ, ನನ್ನ ಮಾಳಿಗೆ ಮೇಲೆ ಮಾಡಿ ನೋಡಿದ್ದೇನೆ. ಗಿಡ ಬೆಳೆಸುವವರು ಯಾರೂ ಗಿಡ ಬಿಡಬೇಕಾಗಿಲ್ಲ. ಆದರೆ ಆ ಕಪ್ಪು ಸಾಲು ಏನು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರಲೇಬೇಕು.

ನೀರಿನಲ್ಲಿ ಅಲ್ಲ, ನೀರಿನ ಮೇಲಿನ ಗೋಡೆಯಲ್ಲಿ

ಸೊಳ್ಳೆ ನೀರಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ವಿಷಯದಲ್ಲಿ ಈ ಮಾತು ಪೂರ್ತಿ ಸರಿಯಲ್ಲ. ಇದರ ಹೆಣ್ಣು ನೀರಿನ ಅಂಚಿಗೆ ಬಂದು ಕೂತು, ನೀರಿಗಿಂತ ತುಸು ಮೇಲೆ ತೇವವಾಗಿರುವ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಂದೊಂದಾಗಿ, ಬಿಡಿಬಿಡಿಯಾಗಿ. ಇಟ್ಟಾಗ ಬೆಳ್ಳಗಿರುತ್ತವೆ, ಕೆಲವು ಗಂಟೆಯಲ್ಲಿ ಕಪ್ಪಾಗುತ್ತವೆ. ಒಂದು ಮಿಲಿಮೀಟರ್‌ಗಿಂತಲೂ ಸಣ್ಣವು.

ಒಮ್ಮೆ ರಕ್ತ ಹೀರಿದ ಹೆಣ್ಣು ಸುಮಾರು ನೂರು ಮೊಟ್ಟೆ ಇಡಬಲ್ಲದು. ಆದರೆ ನೂರನ್ನೂ ಒಂದೇ ಕಡೆ ಇಡುವುದಿಲ್ಲ. ಈ ತಟ್ಟೆಯಲ್ಲಿ ಕೆಲವು, ಪಕ್ಕದ ತಟ್ಟೆಯಲ್ಲಿ ಕೆಲವು, ಬಾಗಿಲ ಹತ್ತಿರದ ಬಕೆಟ್‌ನಲ್ಲಿ ಕೆಲವು. ಹೀಗೆ ಹಂಚಿ ಇಡುತ್ತದೆ. ಹತ್ತು ತಟ್ಟೆಯಲ್ಲಿ ಒಂಬತ್ತನ್ನು ನೀವು ಸ್ವಚ್ಛ ಮಾಡಿದರೂ ಹತ್ತನೆಯದು ಉಳಿದುಬಿಡುತ್ತದೆ.

ನೀರು ಚೆಲ್ಲಿದಾಗ ಆಗುವುದಿಷ್ಟೇ. ಈಜುವ ಮರಿಗಳು ಹೋಗುತ್ತವೆ. ಗೋಡೆಗೆ ಅಂಟಿದ ಮೊಟ್ಟೆಗಳು ಅಲ್ಲೇ ಇರುತ್ತವೆ. ಸಂಜೆ ಗಿಡಕ್ಕೆ ನೀರು ಹಾಕುತ್ತೀರಿ. ತಟ್ಟೆ ಮತ್ತೆ ತುಂಬಿ, ನೀರು ಆ ಕಪ್ಪು ಸಾಲನ್ನು ಮುಟ್ಟುತ್ತದೆ. ಬಲಿತ ಮೊಟ್ಟೆಗಳು ಅದೇ ದಿನ ಒಡೆಯಬಹುದು. ಮೊಟ್ಟೆ ಒಡೆಯಲು ನೀರು ತಾಗುವುದರ ಜೊತೆಗೆ ಇನ್ನೊಂದು ಸಂಗತಿಯೂ ಬೇಕು. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗುತ್ತಾ ಹೋದ ಹಾಗೆ ಆಮ್ಲಜನಕ ಕಡಿಮೆಯಾಗುತ್ತದೆ. ಮೊಟ್ಟೆಯೊಳಗಿನ ಮರಿಗೆ ಅದೇ ಸೂಚನೆ. ಸೂಕ್ಷ್ಮಜೀವಿಗಳಿದ್ದರೆ ತನಗೆ ತಿನ್ನಲು ಊಟ ಇದೆ ಎಂದೇ ಅರ್ಥ. ಆಗ ಮೊಟ್ಟೆ ಒಡೆಯುತ್ತದೆ.

ಅದರಲ್ಲೂ ಎಲ್ಲಾ ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲ. ಮೊದಲ ಸಲ ನೀರು ತಾಗಿದಾಗ ಒಂದಷ್ಟು, ಎರಡನೇ ಸಲ ಇನ್ನೊಂದಷ್ಟು, ಕೆಲವು ಮೂರು ನಾಲ್ಕನೇ ಸಲದವರೆಗೂ ಕಾಯುತ್ತವೆ. ನಾನು ಪ್ರತಿ ವಾರ ನೀರು ಚೆಲ್ಲುತ್ತಿದ್ದರೂ ಪ್ರತಿ ವಾರ ಹೊಸ ಮರಿ ಕಾಣಿಸುತ್ತಿದ್ದುದು ಇದಕ್ಕೇ. ಕಂತು ಕಂತಾಗಿ ಒಡೆಯುತ್ತಿದ್ದವು.

ಬೇಸಿಗೆಯಲ್ಲಿ ಏನಾಗುತ್ತದೆ ಎನ್ನುವುದು ನಮ್ಮ ಕಡೆಯವರಿಗೆ ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ತಟ್ಟೆಯ ನೀರು ಸಂಜೆಯೊಳಗೆ ಆರಿಹೋಗುತ್ತದೆ. ಸೊಳ್ಳೆ ಕಾಟ ಮುಗಿಯಿತು ಅಂದುಕೊಳ್ಳುತ್ತೇವೆ. ನೇರ ಬಿಸಿಲಿಗೆ ಕಾದ ಮೊಟ್ಟೆಗಳು ಬಹಳಷ್ಟು ಸಾಯುವುದು ನಿಜ. ಆದರೆ ಕುಂಡದ ನೆರಳಿನಲ್ಲಿರುವ ತಟ್ಟೆ, ಮೆಟ್ಟಿಲ ಕೆಳಗೆ ಒಂದರೊಳಗೊಂದು ಒಟ್ಟಿಟ್ಟ ಹಳೇ ಕುಂಡಗಳು ಇವೆಯಲ್ಲ, ಅಲ್ಲಿನ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆರು ತಿಂಗಳು ದಾಟಿದ ಮೇಲೂ ಒಡೆಯಬಲ್ಲವು. ಮೃಗಶಿರ ಮಳೆ ಬಿದ್ದಾಗ ನಾವು ಆ ಕುಂಡಗಳನ್ನು ಹೊರಗೆ ತೆಗೆದು ಹೊಸ ಸಸಿ ನೆಡುತ್ತೇವೆ. ಹೋದ ವರ್ಷದ ಸೊಳ್ಳೆಗೆ ನಾವೇ ನೀರು ಕೊಟ್ಟ ಹಾಗಾಗುತ್ತದೆ. ಸೋಂಕು ತಗುಲಿದ ತಾಯಿ ಸೊಳ್ಳೆಯಿಂದ ಮೊಟ್ಟೆಗೂ ಡೆಂಗಿ ವೈರಸ್ ದಾಟುವುದುಂಟು. ಅದು ಕಡಿಮೆ ಪ್ರಮಾಣದಲ್ಲಿ, ಆದರೆ ದಾಟುತ್ತದೆ.

ಎಂಟು ದಿನದ ಲೆಕ್ಕ

ಮೊಟ್ಟೆ ಒಡೆದ ಮೇಲೆ ಬರುವುದು ಲಾರ್ವಾ, ಅಂದರೆ ಮರಿಹುಳು. ಇದು ನಾಲ್ಕು ಹಂತದಲ್ಲಿ ಪೊರೆ ಕಳಚಿ ಬೆಳೆಯುತ್ತದೆ. ಬಾಲದ ತುದಿಯಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಿಗಿಟ್ಟುಕೊಂಡು ನೀರಲ್ಲಿ ಮುಳುಗಿದವರ ಹಾಗೆ, ಆ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತಾ ಉಸಿರಾಡುತ್ತದೆ. ನೆರಳು ಬಿದ್ದರೆ ಸರಕ್ಕನೆ ತಳಕ್ಕಿಳಿಯುತ್ತದೆ. ಹಾಗಾಗಿ ಬಗ್ಗಿ ನೋಡಿದ ಕೂಡಲೇ 'ಏನೂ ಇಲ್ಲ' ಎಂದು ತೀರ್ಮಾನಿಸಬೇಡಿ. ಒಂದೆರಡು ನಿಮಿಷ ಅಲ್ಲಾಡದೆ ಕಾಯಿರಿ. ಉಸಿರಿಗಾಗಿ ಅವು ಮೇಲೆ ಬರಲೇಬೇಕು. ಬಿಳಿ ಬಟ್ಟಲಿಗೆ ಸುರಿದು ನೋಡಿದರೆ ಇನ್ನೂ ಸುಲಭ.

ನಮ್ಮ ಮಳೆಗಾಲದ ಬಿಸಿಯಲ್ಲಿ, ಅಂದರೆ 28, 30 ಡಿಗ್ರಿ ಆಸುಪಾಸಿನಲ್ಲಿ, ಮರಿ ಐದಾರು ದಿನದಲ್ಲಿ ಪೂರ್ತಿ ಬೆಳೆಯುತ್ತದೆ. ಆಮೇಲೆ ಪ್ಯೂಪಾ ಆಗುತ್ತದೆ. ತಲೆ ದಪ್ಪ, ಬಾಲ ಮಡಚಿದ, ಅಲ್ಪವಿರಾಮದ ಚಿಹ್ನೆಯಂಥ ಆಕಾರ. ಇದು ಏನನ್ನೂ ತಿನ್ನುವುದಿಲ್ಲ. ಎರಡು ದಿನ ಹೀಗಿದ್ದು, ಬೆನ್ನು ಸೀಳಿಕೊಂಡು ರೆಕ್ಕೆಯ ಸೊಳ್ಳೆ ಹೊರಬರುತ್ತದೆ. ಒಟ್ಟು ಏಳರಿಂದ ಹತ್ತು ದಿನ. ಚಳಿಗಾಲದಲ್ಲಿ ಎರಡು ವಾರ ಅಥವಾ ಇನ್ನೂ ಜಾಸ್ತಿ ಹಿಡಿಯಬಹುದು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಈ ಲೆಕ್ಕ ಹಿಡಿದೇ. ಏಳು ದಿನದ ಒಳಗೆ ಸರಪಳಿ ಕಡಿದರೆ ಯಾವ ಮರಿಯೂ ರೆಕ್ಕೆ ಕಟ್ಟಿಕೊಳ್ಳುವುದಿಲ್ಲ. ಹತ್ತು ದಿನಕ್ಕೊಮ್ಮೆ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ.

ತಟ್ಟೆಯಲ್ಲಿ ಕಂಡ ಹುಳುವೆಲ್ಲ ಡೆಂಗಿ ಸೊಳ್ಳೆಯದಲ್ಲ. ಮಲೇರಿಯಾ ಹರಡುವ ಅನಾಫಿಲಿಸ್‌ನ ಮರಿಗೆ ಆ ಉಸಿರಿನ ಕೊಳವೆ ಇರುವುದಿಲ್ಲ, ಅದು ನೀರಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ. ಕ್ಯೂಲೆಕ್ಸ್ ಸೊಳ್ಳೆ ನೀರಿನ ಮೇಲೆಯೇ ಪುಟ್ಟ ತೆಪ್ಪದ ಹಾಗೆ ಮೊಟ್ಟೆಗಳನ್ನು ಜೋಡಿಸಿ ತೇಲಿಬಿಡುತ್ತದೆ. ಚರಂಡಿ, ಕೊಳಚೆ ಅದರ ಮನೆ. ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು ಹೆಚ್ಚಾಗಿ ಇದೇ. ಆನೆಕಾಲು ರೋಗ ಹರಡುವುದೂ ಇದೇ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಆನೆಕಾಲು ರೋಗದ ಮಾತ್ರೆ ನುಂಗಿಸಲು ಮನೆಬಾಗಿಲಿಗೆ ಬಂದಿದ್ದು ನಿಮಗೂ ನೆನಪಿರಬಹುದು. ಈಡಿಸ್ ಹಾಗಲ್ಲ. ಹಗಲಲ್ಲಿ ಕಚ್ಚುತ್ತದೆ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಸೂರ್ಯ ಇಳಿಯುವ ಮುಂಚೆ ಜೋರು. ನಾವು ಗಿಡಕ್ಕೆ ನೀರು ಹಾಕುವ ಹೊತ್ತೂ ಅದೇ ಅಲ್ವಾ? ಕಾಲಿನ ಮೇಲೆ ಬಿಳಿ ಪಟ್ಟೆ ಇದ್ದರೆ ಅದು ಈಡಿಸ್ ಎಂದು ತಿಳಿಯಿರಿ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಕುಂಡದ ಹಸಿ ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತವೆ. ಅವು ಸೊಳ್ಳೆ ಅಲ್ಲ. ಅವುಗಳ ಮರಿ ಮಣ್ಣಿನೊಳಗೆ ಇರುತ್ತದೆ, ಅವು ಕಚ್ಚುವುದಿಲ್ಲ. ನೀರಿನ ತಳದಲ್ಲಿ ಕೆಂಪು ದಾರದಂಥ ಹುಳು ಕಂಡರೆ ಅದೂ ಸೊಳ್ಳೆ ಮರಿಯಲ್ಲ. ಸೊಳ್ಳೆಗೆ ನಿಂತ ನೀರು ಬೇಕೇ ಬೇಕು. ಬರೀ ತೇವದ ಮಣ್ಣಿನಲ್ಲಿ ಅದರ ಮರಿ ಬದುಕಲಾರದು.

'ಶುದ್ಧ ನೀರು' ಎನ್ನುವ ಮಾತು

ಡೆಂಗಿ ಸೊಳ್ಳೆ ಶುದ್ಧ ನೀರಿನಲ್ಲಿ ಬೆಳೆಯುತ್ತದೆ ಎಂದು ಗೋಡೆ ಬರಹದಲ್ಲಿ, ಆಟೋ ಮೈಕಿನಲ್ಲಿ ಕೇಳಿ ಕೇಳಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಚರಂಡಿ ನೀರಿಗೆ ಹೋಲಿಸಿ ಹೇಳಿದ ಮಾತದು. ಅದನ್ನು ಕುಡಿಯುವ ನೀರು ಎಂದು ತಿಳಿದುಕೊಂಡವರು ಕುಂಡದ ಕೆಳಗಿನ ಕಂದು ನೀರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ. ಆದರೆ ಎಲೆ ಉದುರಿ ಕೊಳೆತ ನೀರು ಈಡಿಸ್‌ಗೆ ಬಹಳ ಪ್ರಿಯ. ಕೊಳೆಯುವ ಎಲೆಯ ವಾಸನೆಗೆ ಹೆಣ್ಣು ಸೊಳ್ಳೆ ಹುಡುಕಿಕೊಂಡು ಬರುತ್ತದೆ. ಮರಿಗಳು ತಿನ್ನುವುದು ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳನ್ನೇ. ನಾವು ಗಿಡಕ್ಕೆ ಹಾಕಿದ ಎರೆಗೊಬ್ಬರ, ಸಗಣಿ ಗೊಬ್ಬರದ ಸಾರ ನೀರಿನ ಜೊತೆ ತಟ್ಟೆಗೆ ಇಳಿಯುತ್ತದೆ. ಗಿಡಕ್ಕೆ ಹಾಕಿದ ಊಟ ಮರಿಗಳಿಗೂ ಆಗುತ್ತದೆ. ಜೊತೆಗೆ ಈ ಸೊಳ್ಳೆಗೆ ಕಪ್ಪು ಬಣ್ಣ, ಒರಟು ಮೈ ಇಷ್ಟ. ಸುಟ್ಟ ಮಣ್ಣಿನ ತಟ್ಟೆ ನೀರು ಹೀರಿಕೊಂಡು ಸದಾ ಒದ್ದೆಯಾಗಿರುತ್ತದೆ, ಒರಟಾಗಿಯೂ ಇರುತ್ತದೆ. ಮೊಟ್ಟೆ ಅಂಟಿಸಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ನಮ್ಮ ಕಡೆಯ ಮಣ್ಣಿನದೂ ಇದರಲ್ಲಿ ಪಾಲಿದೆ. ಕಲಬುರಗಿಯ ಕರಿ ಎರೆ ಮಣ್ಣು ತೊಗರಿಗೆ ಚಿನ್ನ, ಕುಂಡಕ್ಕೆ ಮಾತ್ರ ತೊಂದರೆ. ಒಣಗಿದಾಗ ಅದು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ನೀರು ಹಾಕಿದರೆ ಬೇರಿಗೆ ತಾಗದೆ, ಆ ಸಂದಿಯಲ್ಲಿ ಸೀದಾ ತಟ್ಟೆಗೆ ಇಳಿಯುತ್ತದೆ. ತಟ್ಟೆ ತುಂಬಿತು, ಗಿಡಕ್ಕೆ ನೀರು ಸಾಕಾಯಿತು ಅಂದುಕೊಳ್ಳುತ್ತೇವೆ. ಗಿಡ ಬಾಡುತ್ತಿರುತ್ತದೆ, ಸೊಳ್ಳೆ ಬೆಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಇದೇ ಮಣ್ಣು ಉಬ್ಬಿ ತಳದ ತೂತು ಮುಚ್ಚಿಕೊಂಡು, ಕುಂಡದ ಮೇಲೆಯೇ ನೀರು ನಿಲ್ಲುತ್ತದೆ. ಎರೆ ಮಣ್ಣಿಗೆ ಉಸುಕು, ಕಳಿತ ಗೊಬ್ಬರ ಚೆನ್ನಾಗಿ ಬೆರೆಸಿ, ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು ತುಂಬಿದರೆ ಎರಡೂ ತೊಂದರೆ ತಪ್ಪುತ್ತವೆ. ನೀರನ್ನೂ ಒಂದೇ ಸಲ ಸುರಿಯದೆ, ಸ್ವಲ್ಪ ಹಾಕಿ, ಮಣ್ಣು ಹೀರಿಕೊಂಡ ಮೇಲೆ ಇನ್ನು ಸ್ವಲ್ಪ ಹಾಕಬೇಕು.

ಕಣ್ಣಿಗೆ ಬೀಳದ ನೀರು

ತಟ್ಟೆ ಕಣ್ಣಿಗೆ ಕಾಣುತ್ತದೆ. ಕಾಣದ ಜಾಗಗಳೇ ನನಗೆ ಹೆಚ್ಚು ಚಿಂತೆ ತರುವುದು. ಈಗ ಡ್ರಾಯಿಂಗ್ ರೂಮಿನಲ್ಲಿ ಪಿಂಗಾಣಿಯ ಚಂದದ ಕುಂಡದೊಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಇಳಿಸಿ ಇಡುತ್ತಾರೆ. ಹೊರಗಿನದಕ್ಕೆ ತೂತು ಇರುವುದಿಲ್ಲ. ಸೋರಿದ ನೀರು ಎರಡರ ನಡುವೆ ಕತ್ತಲಲ್ಲಿ ವಾರಗಟ್ಟಲೆ ನಿಂತಿರುತ್ತದೆ. ತೂಗುಬಿಟ್ಟ ಕುಂಡಗಳಿಗೆ ತಟ್ಟೆ ಅಂಟಿಕೊಂಡೇ ಬಂದಿರುತ್ತದೆ, ನಮ್ಮ ತಲೆಗಿಂತ ಮೇಲೆ ಇರುವುದರಿಂದ ಯಾರೂ ಇಣುಕುವುದಿಲ್ಲ. ತಾನಾಗಿ ನೀರು ಹೀರುವ ಕುಂಡ ಅಂತ ಮಾರುತ್ತಾರಲ್ಲ, ಅದರ ತಳದಲ್ಲಿ ನೀರಿನ ಅರೆಯೇ ಇರುತ್ತದೆ. ನೀರು ಹಾಕುವ ಬಾಯಿಗೆ ಮುಚ್ಚಳ ಅಥವಾ ಸಣ್ಣ ಜಾಲರಿ ಇಲ್ಲದಿದ್ದರೆ ಸೊಳ್ಳೆಗೆ ಬಾಗಿಲು ತೆರೆದ ಹಾಗೆ.

ಬಾಟಲಿಯಲ್ಲಿ ಬೆಳೆಯುವ ಮನಿ ಪ್ಲಾಂಟ್, ಲಕ್ಕಿ ಬಾಂಬೂ ಇನ್ನೊಂದು. ಟೇಬಲ್ ಮೇಲಿನ ಇಷ್ಟು ನೀರು ಏನು ಮಾಡೀತು ಅನಿಸುತ್ತದೆ. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಏಷ್ಯಾದ ಹುಲಿಪಟ್ಟೆ ಸೊಳ್ಳೆ (ಇದೂ ಈಡಿಸ್ ಗುಂಪಿನದೇ) ಬಂದಿಳಿದದ್ದು ಚೀನಾದಿಂದ ಹಡಗಿನಲ್ಲಿ ಬಂದ ಲಕ್ಕಿ ಬಾಂಬೂ ಗಿಡಗಳ ಜೊತೆಗೆ. ಗಿಡ ಬಾಡಬಾರದೆಂದು ಬುಡಕ್ಕೆ ಇಟ್ಟ ಒಂದೆರಡು ಅಂಗುಲ ನೀರು ಸಮುದ್ರ ದಾಟಲು ಸಾಕಾಯಿತು. ಬಾಟಲಿಯ ನೀರು ಬದಲಿಸುವಾಗ ಗಿಡ ಹೊರತೆಗೆದು ಬೇರನ್ನು ನಲ್ಲಿ ಕೆಳಗೆ ತೊಳೆಯಿರಿ, ಬಾಟಲಿಯ ಒಳಗೋಡೆಯನ್ನು ಉದ್ದ ಬ್ರಷ್‌ನಿಂದ ತಿಕ್ಕಿರಿ. ಬಾಯಿಯ ಸಂದಿಗೆ ಹತ್ತಿ ತುರುಕಿದರೆ ಸೊಳ್ಳೆ ಒಳಗಿಳಿಯುವುದೇ ಇಲ್ಲ. ಬಾಟಲಿಯಲ್ಲಿ ಬಣ್ಣದ ಕಲ್ಲು ತುಂಬಿದರೆ ಸಾಕು ಎನ್ನುವುದು ತಪ್ಪು. ಕಲ್ಲುಗಳ ನಡುವಿನ ನೀರಿನಲ್ಲಿ ಮರಿಗಳು ಆರಾಮಾಗಿ ಅಡಗುತ್ತವೆ, ನಮಗೆ ಕಾಣುವುದೂ ಇಲ್ಲ.

ಬೇಸಿಗೆಯಲ್ಲಿ ಹಕ್ಕಿಗಳಿಗೆ ಮಾಳಿಗೆ ಮೇಲೆ ನೀರಿಡುವುದು ನಮ್ಮ ಊರಿನ ಒಳ್ಳೆಯ ರೂಢಿ. ಅದನ್ನು ದಯವಿಟ್ಟು ಬಿಡಬೇಡಿ. ದಿನಾ ನೀರು ಬದಲಿಸಿ, ಎರಡು ಮೂರು ದಿನಕ್ಕೊಮ್ಮೆ ಬಟ್ಟಲನ್ನು ತೆಂಗಿನ ನಾರಿನಿಂದ ತಿಕ್ಕಿದರೆ ಸಾಕು.

ಏನು ಮಾಡಬೇಕು

ಮೊದಲನೆಯದು ತಿಕ್ಕುವುದು. ತಟ್ಟೆಯ ತಳಕ್ಕಿಂತ ಒಳಅಂಚು ಮುಖ್ಯ. ಗಟ್ಟಿ ಬ್ರಷ್ ಅಥವಾ ನಾರು ಹಿಡಿದು ಸುತ್ತಲೂ ಒತ್ತಿ ತಿಕ್ಕಬೇಕು. ತುಂಬಾ ಹಳೆಯ ಒರಟು ತಟ್ಟೆಯಾದರೆ ತಿಕ್ಕಿದ ಮೇಲೆ ಕುದಿಯುವ ನೀರು ಸುರಿಯಿರಿ, ಉಳಿದ ಮೊಟ್ಟೆ ಸಾಯುತ್ತವೆ. ತಿಕ್ಕಿದ ನೀರನ್ನು ಪಕ್ಕದ ಕುಂಡದ ತಟ್ಟೆಗೋ ಚರಂಡಿಗೋ ಹೊಯ್ಯಬೇಡಿ. ಅಲ್ಲಿ ಮರಿಗಳು ಮುಂದುವರಿಯಬಹುದು. ಒಣ ಮಣ್ಣಿನ ಮೇಲೆ, ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಚೆಲ್ಲಿ. ನೀರು ಇಂಗಿ ಒಣಗಿದರೆ ಮರಿಗಳು ಉಳಿಯುವುದಿಲ್ಲ.

ಎರಡನೆಯದು, ತಟ್ಟೆಯೇ ಬೇಕಾ ಎಂದು ಕೇಳಿಕೊಳ್ಳುವುದು. ಮಾಳಿಗೆ ಮೇಲೆ ಮತ್ತು ಅಂಗಳದಲ್ಲಿ ಬೇಕಾಗಿಲ್ಲ ಎನ್ನುವುದು ನನ್ನ ಅನಿಸಿಕೆ. ಶಹಾಬಾದ್ ಕಲ್ಲಿನ ಎರಡು ತುಂಡು ಅಥವಾ ಇಟ್ಟಿಗೆ ಇಟ್ಟು ಕುಂಡವನ್ನು ಎತ್ತರಿಸಿದರೆ ನೀರು ಹರಿದುಹೋಗುತ್ತದೆ, ತಳಕ್ಕೆ ಗಾಳಿಯೂ ಆಡುತ್ತದೆ. ನನ್ನ ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಕುಂಡಗಳ ತಟ್ಟೆ ತೆಗೆದೆ. ಒಂದೂ ಗಿಡ ಸಾಯಲಿಲ್ಲ. ಬಾಡಿಗೆ ಮನೆಯಲ್ಲಿ ನೆಲ ಕಲೆಯಾಗುತ್ತದೆ, ಮನೆ ಮಾಲೀಕರು ಬಿಡುವುದಿಲ್ಲ ಎನ್ನುವವರು ತಟ್ಟೆಯ ಅಂಚಿನವರೆಗೂ ದಪ್ಪ ಉಸುಕು ತುಂಬಿ ಅದರ ಮೇಲೆ ಕುಂಡ ಇಡಬಹುದು. ಸೋರಿದ ನೀರನ್ನು ಉಸುಕು ಹೀರಿಕೊಳ್ಳುತ್ತದೆ. ಗಿಡದ ಸುತ್ತ ತಂಪು ಇರುತ್ತದೆ, ಮರಿ ಈಜಲು ಬಯಲು ನೀರು ಇರುವುದಿಲ್ಲ. ಉಸುಕು ಕುಸಿದು ಮೇಲೆ ನೀರು ಹೊಳೆಯುತ್ತಿದ್ದರೆ ಮಾತ್ರ ಇನ್ನಷ್ಟು ಉಸುಕು ಹಾಕಬೇಕು.

ಖಾಲಿ ಮಾಡಲಾಗದ ನೀರಿಗೆ, ಅಂದರೆ ತಾವರೆ ಬೆಳೆಸುವ ಟಬ್ಬು, ನೀರಿನ ಅರೆ ಇರುವ ಕುಂಡ, ಇಂಥವಕ್ಕೆ ಬಿಟಿಐ ಎನ್ನುವ ಜೈವಿಕ ಔಷಧಿ ಇದೆ. ನಮ್ಮ ಕಡೆಯ ರೈತರಿಗೆ ಬಿಟಿ ಹತ್ತಿ ಹೊಸದಲ್ಲ, 2002ರಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕಾಯಿಕೊರಕ ಹುಳುವನ್ನು ಕೊಲ್ಲುವ ಗುಣವನ್ನು ಹತ್ತಿಗೆ ತಂದಿದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎನ್ನುವ ಮಣ್ಣಿನ ಬ್ಯಾಕ್ಟೀರಿಯಾದಿಂದ. ಬಿಟಿಐ ಅದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರಿನಲ್ಲಿ ಸಿಕ್ಕಿತು, ಅದಕ್ಕೇ ಹೆಸರಿನ ಕೊನೆಗೆ ಇಸ್ರೇಲೆನ್ಸಿಸ್ ಎಂದು ಸೇರಿದೆ. ಇದರ ಹರಳುಗಳನ್ನು ಮರಿ ನುಂಗುತ್ತದೆ. ಮರಿಯ ಹೊಟ್ಟೆಯಲ್ಲಿ ಕ್ಷಾರ ಜಾಸ್ತಿ. ಅಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ತೂತು ಬಿದ್ದು, ಮರಿ ಒಂದೆರಡು ದಿನದೊಳಗೆ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಆ ಹರಳಿಗೆ ಅಂಟಿಕೊಳ್ಳಲು ಬೇಕಾದ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಹಾಗಾಗಿ ಮನುಷ್ಯರಿಗೆ, ನಾಯಿ ಬೆಕ್ಕಿಗೆ, ಮೀನಿಗೆ, ಜೇನಿಗೆ ಅಪಾಯವಿಲ್ಲ.

ಆದರೆ ಇದಕ್ಕೂ ಮಿತಿ ಇದೆ. ನುಂಗಿದರೆ ಮಾತ್ರ ಕೆಲಸ. ಮೊಟ್ಟೆ ನುಂಗುವುದಿಲ್ಲ, ಪ್ಯೂಪಾ ನುಂಗುವುದಿಲ್ಲ. ತೊಗರಿ ಬೆಳೆಯುವವರಿಗೆ ಇದು ಗೊತ್ತಿರುವ ಮಾತೇ. ಹುಳು ಮರಿಯಾಗಿದ್ದಾಗ ಹೊಡೆದ ಔಷಧಿ ಕೆಲಸ ಮಾಡುತ್ತದೆ, ಬಲಿತು ಕಾಯಿಯೊಳಗೆ ಹೊಕ್ಕ ಮೇಲೆ ಎಷ್ಟು ಹೊಡೆದರೂ ಅಷ್ಟಕ್ಕಷ್ಟೆ. ಅಲ್ಪವಿರಾಮದ ಆಕಾರದವು ಜಾಸ್ತಿ ಕಂಡರೆ ಔಷಧಿಗೆ ಕಾಯಬೇಡಿ, ಜಾಲರಿಯಿಂದ ಸೋಸಿ ತೆಗೆಯಿರಿ. ಬಿಸಿಲಿಗೆ ಬಿಟಿಐ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ತಟ್ಟೆಯಲ್ಲಾದರೆ ಪ್ರತಿ ಸಲ ನೀರು ಹಾಕಿದಾಗ ತೊಳೆದುಹೋಗುತ್ತದೆ. ಹಾಗಾಗಿ ಸಾದಾ ತಟ್ಟೆಗೆ ಇದನ್ನು ಕೊಳ್ಳುವುದು ದುಡ್ಡು ದಂಡ. ಟಬ್ಬಿಗೆ ಸರಿ. ಪ್ಯಾಕೆಟ್ ಮೇಲೆ ಬರೆದ ಅಳತೆಯಂತೆ ಹಾಕಿ.

ತಾವರೆ ಟಬ್ಬಿಗೆ ಇನ್ನೂ ಸುಲಭದ ದಾರಿ ನಾಲ್ಕಾರು ಗಪ್ಪಿ ಮೀನು. ಸೊಳ್ಳೆ ಮರಿ ಅವಕ್ಕೆ ಹಬ್ಬದೂಟ. ಗಂಬೂಸಿಯಾ ಮೀನು ದಿನಕ್ಕೆ ನೂರಕ್ಕೂ ಹೆಚ್ಚು ಮರಿ ತಿನ್ನುತ್ತದೆ. ಆದರೆ ಅದನ್ನು ಕೆರೆಗೆ, ಹಳ್ಳಕ್ಕೆ ಬಿಡಬಾರದು. ಅಲ್ಲಿನ ನಮ್ಮ ಮೀನುಗಳ ಮೊಟ್ಟೆ, ಮರಿಗಳನ್ನೂ ತಿಂದುಹಾಕುತ್ತದೆ.

ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ತಟ್ಟೆಗೆ ಹಾಕಿ ಎಂದು ಹಿರಿಯರು ಹೇಳುವುದುಂಟು. ನೀರಿನ ಮೇಲೆ ಪೊರೆ ಕಟ್ಟಿ ಮರಿಯ ಉಸಿರು ಕಟ್ಟಿಸುತ್ತದೆ, ಅದು ನಿಜ. ಗಿಡದ ಬೇರನ್ನೂ ಅದೇ ಹಾಳು ಮಾಡುತ್ತದೆ. ಉಪ್ಪೂ ಅಷ್ಟೇ. ಪಾತ್ರೆ ಸೋಪಿನ ಒಂದೆರಡು ಹನಿ ಮರಿಗಳನ್ನು ಕೊಲ್ಲಬಲ್ಲದು, ಆದರೆ ಮುಂದಿನ ನೀರಿಗೆ ಅದು ಹೋಯಿತು, ಮೊಟ್ಟೆಗೆ ಏನೂ ಆಗಿರುವುದಿಲ್ಲ. ಇಷ್ಟೆಲ್ಲ ಮಾಡುವ ಬದಲು ತಿಕ್ಕುವುದೇ ಬೇಗ ಮುಗಿಯುತ್ತದೆ.

ನಿಂಬೆ ಹುಲ್ಲು, ತುಳಸಿ, 'ಸೊಳ್ಳೆ ಓಡಿಸುವ ಗಿಡ' ಎಂದು ನರ್ಸರಿಯಲ್ಲಿ ಮಾರುವ ಗಿಡ ಇಟ್ಟರೆ ಸಾಕೇ ಎಂದು ಬಹಳ ಜನ ಕೇಳುತ್ತಾರೆ. ಅವುಗಳ ಎಣ್ಣೆ ತೆಗೆದು ಮೈಗೆ ಹಚ್ಚಿಕೊಂಡರೆ ಸ್ವಲ್ಪ ಹೊತ್ತು ಸೊಳ್ಳೆ ದೂರ ಇರುತ್ತದೆ. ಗಿಡ ಸುಮ್ನೆ ಕುಂಡದಲ್ಲಿ ನಿಂತಿದ್ದರೆ ಏನೂ ಆಗುವುದಿಲ್ಲ. ನಿಂಬೆ ಹುಲ್ಲಿನ ಕುಂಡದ ತಟ್ಟೆಯಲ್ಲೇ ಮರಿ ಇದ್ದದ್ದನ್ನು ನಾನು ಕಂಡಿದ್ದೇನೆ.

ಕುಂಡದಾಚೆ

ಬರೀ ಕುಂಡದಿಂದಲೇ ಡೆಂಗಿ ಬರುತ್ತದೆ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರದ ಓಣಿಗಳು ಬಹಳ. ಬಂದಾಗ ಹೌದ, ಬ್ಯಾರೆಲ್, ಕೊಡ ಎಲ್ಲ ತುಂಬಿಸಿಡದೆ ಗತಿಯಿಲ್ಲ. ಅವಕ್ಕೆ ಬಿಗಿ ಮುಚ್ಚಳ ಬೇಕು ಅಥವಾ ಬಟ್ಟೆ ಕಟ್ಟಬೇಕು. ಕೂಲರ್ ಅಂತೂ ಮಾರ್ಚ್‌ನಿಂದ ಜೂನ್‌ವರೆಗೆ ಮನೆಯೊಳಗಿನ ಕೆರೆ. ಹೊರಗೆ 43 ಡಿಗ್ರಿ ಇದ್ದಾಗಲೂ ಅದರ ನೀರು ತಂಪಾಗಿರುತ್ತದೆ, ಕೋಣೆಯಲ್ಲಿ ತೇವ ಇರುತ್ತದೆ. ಸೊಳ್ಳೆಗೆ ಬೇಸಿಗೆ ಕಳೆಯಲು ಅಷ್ಟು ಸಾಕು. ಅದರ ಒಳಗೋಡೆಯನ್ನೂ ಹುಲ್ಲಿನ ಪ್ಯಾಡನ್ನೂ ಇದೇ ರೀತಿ ವಾರಕ್ಕೊಮ್ಮೆ ತಿಕ್ಕಬೇಕು.

ಡೆಂಗಿ ಕಾಣಿಸಿದ ಕೂಡಲೇ ಹೊಗೆ ಗಾಡಿ ಕರೆಸಿ ಎಂದು ಒತ್ತಾಯ ಮಾಡುತ್ತೇವೆ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಅದೂ ಆ ಹೊತ್ತಿಗೆ ಹೊಗೆಗೆ ಸಿಕ್ಕವನ್ನು. ಮಂಚದ ಕೆಳಗೆ, ಪರದೆ ಹಿಂದೆ ಕೂತ ಈಡಿಸ್‌ಗೆ ಅದು ತಾಗುವುದೇ ಕಡಿಮೆ. ತಟ್ಟೆಯ ಮರಿಗಳಿಗೂ ಮೊಟ್ಟೆಗಳಿಗೂ ಏನೂ ಆಗುವುದಿಲ್ಲ. ವಾರದೊಳಗೆ ಹೊಸ ಸೊಳ್ಳೆ ಹಾಜರು. ಈ ಸೊಳ್ಳೆ ಬಹಳ ದೂರ ಹಾರುವುದೂ ಇಲ್ಲ. ಹುಟ್ಟಿದ ಜಾಗದಿಂದ ನೂರು ಇನ್ನೂರು ಮೀಟರಿನೊಳಗೇ ಅದರ ಬದುಕು ಮುಗಿಯುವುದು ಹೆಚ್ಚು. ನಮ್ಮನ್ನು ಕಚ್ಚಿದ ಸೊಳ್ಳೆ ನಮ್ಮ ಮನೆಯದು, ಇಲ್ಲವೇ ಪಕ್ಕದ ಮನೆಯದು.

2006ರ ಚಿಕುನ್‌ಗುನ್ಯಾವನ್ನು ಈ ಭಾಗದ ಯಾರೂ ಮರೆತಿರಲಾರರು. 1973ರಲ್ಲಿ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡು ಹೋದ ರೋಗ, ಮೂವತ್ತೆರಡು ವರ್ಷದ ಮೇಲೆ, 2005ರ ಕೊನೆಗೆ, ಮತ್ತೆ ದೇಶಕ್ಕೆ ಬಂತು. 2006ರಲ್ಲಿ ದೇಶದಲ್ಲಿ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕರ್ನಾಟಕದವು. ನಮ್ಮವ್ವ ಆ ವರ್ಷ ಗೋಡೆ ಹಿಡಿದು ನಡೆಯುತ್ತಿದ್ದಳು. ರೊಟ್ಟಿ ಬಡಿಯಲು ಮಣಿಕಟ್ಟು ಏಳುತ್ತಿರಲಿಲ್ಲ. ಜ್ವರ ಒಂದು ವಾರ, ಕೀಲು ನೋವು ಎಂಟು ತಿಂಗಳು. ಅವಳ ತುಳಸಿ ಕಟ್ಟೆಯ ಪಕ್ಕ ಸಾಲಾಗಿ ಕುಂಡಗಳಿದ್ದವು, ಪ್ರತಿಯೊಂದಕ್ಕೂ ತಟ್ಟೆ ಇತ್ತು. ಅವನ್ನು ತಿಕ್ಕಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ಸರ್ಕಾರವೂ ಬಿಗಿ ಮಾಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ಆದರೆ ದಂಡಕ್ಕಿಂತ ಆ ಬಿಳಿ ಬಟ್ಟಲು ನನ್ನ ಮೇಲೆ ಹೆಚ್ಚು ಕೆಲಸ ಮಾಡಿತು.

ಈಗ ನಮ್ಮ ಮನೆಯಲ್ಲಿ ರವಿವಾರ ಬೆಳಿಗ್ಗೆ ತಟ್ಟೆಗಳ ಕೆಲಸ. ಉಳಿದ ಒಂಬತ್ತು ತಟ್ಟೆ, ಮನಿ ಪ್ಲಾಂಟಿನ ಮೂರು ಬಾಟಲಿ, ಹಕ್ಕಿಯ ಬಟ್ಟಲು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಮೊದಲು ಅಂಚಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ, ಆಮೇಲೆ ತಿಕ್ಕುತ್ತೇನೆ. ತಿಕ್ಕಿದ ತಟ್ಟೆಗಳನ್ನು ಮಾಳಿಗೆಯ ಬಿಸಿಲಿಗೆ ಬೋರಲು ಹಾಕಿ, ಮಧ್ಯಾಹ್ನ ಮತ್ತೆ ಕುಂಡದ ಕೆಳಗೆ ಇಡುತ್ತೇನೆ. ಬಳಸದ ಕುಂಡ, ತಟ್ಟೆಗಳನ್ನು ಮೆಟ್ಟಿಲ ಕೆಳಗೆ ಸೇರಿಸುವ ಮುಂಚೆಯೂ ಹೀಗೇ ತಿಕ್ಕಿ, ಬೋರಲು ಹಾಕಿ ಇಡುತ್ತೇನೆ. ಡೆಂಗಿಯಿಂದ ಎದ್ದ ಆ ಹುಡುಗ ಈಗ ಎಂಟನೇ ಕ್ಲಾಸು. ಒಮ್ಮೊಮ್ಮೆ ರವಿವಾರ ಅವನೂ ಮೇಲೆ ಬರುತ್ತಾನೆ, ಟಾರ್ಚ್ ಹಿಡಿಯುವುದು ಅವನೇ.